ಮಾರ್ಗರೆಟಮ್ಮನ ಹಿತ್ತಲ ಲೆಕ್ಕ

ಒಂದು ಹಕ್ಕಿ ಬೆಳಗಿನಿಂದ ಸಂಜೆಯೊಳಗೆ ಎಷ್ಟು ಸಲ ಹಾಡುತ್ತದೆ? ನೂರು ಸಲ? ಇನ್ನೂರು? ‘ಅದನ್ನೆಲ್ಲ ಯಾರು ಕೂತು ಎಣಿಸುತ್ತಾರೆ, ಬಿಡಿ’ ಅಂತೀರಿ. ಎಣಿಸಿದವರು ಒಬ್ಬರಿದ್ದಾರೆ. 1935ರ ಮೇ 11ರಂದು, ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ಊರಿನಲ್ಲಿ, ಒಂದು ಗಂಡು ಸಾಂಗ್ ಸ್ಪ್ಯಾರೋ 2,305 ಸಲ ಹಾಡಿತು. ಒಂದು ಹಾಡಿಗೆ ಎರಡೂವರೆ ಸೆಕೆಂಡು ಅಂತ ಹಿಡಿದರೂ, ಬರೀ ಹಾಡಿನ ಹೊತ್ತೇ ಒಂದೂವರೆ ಗಂಟೆ ಮೀರುತ್ತದೆ. ನಡುವೆ ಹುಳ ಹುಡುಕಬೇಕು, ಪಕ್ಕದ ಗಂಡನ್ನು ಗಡಿಯಾಚೆ ಓಡಿಸಬೇಕು, ಹೆಂಡತಿ ಗೂಡಿನಲ್ಲಿದ್ದಾಳೋ ಇಲ್ಲವೋ ನೋಡಿಕೊಳ್ಳಬೇಕು. ಅಷ್ಟೆಲ್ಲದರ ನಡುವೆ ಇಷ್ಟು ಹಾಡು!

ಎಣಿಸಿದವರು ಮಾರ್ಗರೆಟ್ ಮೋರ್ಸ್ ನೈಸ್. ಆಗ ಅವರಿಗೆ ಐವತ್ತೊಂದು ವರ್ಷ. ನಾನು ಮನಸ್ಸಿನಲ್ಲಿ ಮಾರ್ಗರೆಟಮ್ಮ ಅಂತಲೇ ಕರೆಯುವುದು. ಐದು ಹೆಣ್ಣುಮಕ್ಕಳನ್ನು ಹೆತ್ತು ಸಾಕಿದ ತಾಯಿ, ಕಾಲೇಜು ಮೇಷ್ಟರ ಹೆಂಡತಿ. ಹಾಗಂತ ಯಾರಾದರೂ ‘ಗೃಹಿಣಿಯೊಬ್ಬಳ ಹವ್ಯಾಸ’ ಅಂದುಬಿಟ್ಟರೆ ಅವರಿಗೆ ಸಿಟ್ಟು ಬರುತ್ತಿತ್ತು. ತಾನು ಪ್ರಾಣಿಶಾಸ್ತ್ರವನ್ನು ಕ್ರಮವಾಗಿ ಕಲಿತವಳು ಅಂತ ತಿದ್ದುತ್ತಿದ್ದರು. ಸಿಟ್ಟು ನ್ಯಾಯವಾದದ್ದೇ. ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಬಾಬ್‌ವೈಟ್ ಎಂಬ ಹಕ್ಕಿ ಏನೇನು ತಿನ್ನುತ್ತದೆ ಅಂತ ಸಂಶೋಧನೆ ಮಾಡುತ್ತಿದ್ದವರು, 1909ರಲ್ಲಿ ಮದುವೆಯಾಯಿತು, ಪಿಎಚ್.ಡಿ. ಅಲ್ಲಿಗೇ ನಿಂತಿತು. ಎಷ್ಟು ಮನೆಗಳಲ್ಲಿ ಕೇಳಿಲ್ಲ ಹೇಳಿ ಈ ಕಥೆಯನ್ನು?

ಆದರೆ ಎಣಿಸುವ ಕೈ ಸುಮ್ಮನಿರುತ್ತದೆಯೇ? ಮಕ್ಕಳು ಮಾತು ಕಲಿಯತೊಡಗಿದವು. ಅಮ್ಮ ನೋಟುಬುಕ್ಕು ತೆಗೆದರು. ಯಾವ ವಯಸ್ಸಿಗೆ ಎಷ್ಟು ಪದ, ಮೊದಲು ಯಾವುದು, ಒಂದು ವಾಕ್ಯಕ್ಕೆ ಎಷ್ಟು ಮಾತು ಜೋಡಿಸುತ್ತವೆ, ಎಲ್ಲವನ್ನೂ ಬರೆದಿಟ್ಟು ಮನಶ್ಶಾಸ್ತ್ರದ ಪತ್ರಿಕೆಗಳಿಗೆ ಕಳಿಸಿದರು, ಅಚ್ಚಾಯಿತು. 1915ರಲ್ಲಿ ಎಂ.ಎ. ಪದವಿಯೂ ಬಂತು. ಮಗುವಿಗೆ ಅನ್ನ ಕಲಸಿ ತಿನ್ನಿಸುತ್ತಲೇ ಅದು ಆಡಿದ ಮಾತನ್ನು ಬರೆದುಕೊಳ್ಳುವವರಿಗೆ, ಮುಂದೆ ಹಕ್ಕಿಯ ಮರಿ ಹಾಡು ಕಲಿಯುವುದು ಹೊಸ ವಿಷಯವಾಗಿ ಕಂಡಿರಲಾರದು ಅಂತ ನನಗನ್ನಿಸುತ್ತದೆ.

ಲೆಕ್ಕ ಅಂದಾಗ ನಮ್ಮ ಸೋದರತ್ತೆ ನೆನಪಾಗುತ್ತಾರೆ. ಅವರ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಇರದ ಲೆಕ್ಕವಿರಲಿಲ್ಲ. ಹಾಲಿನವಳು ಬಾರದ ದಿನಕ್ಕೆ ಸೊನ್ನೆ, ಸಿಲಿಂಡರ್ ಬಂದ ದಿನಕ್ಕೆ ಸುತ್ತು, ಏಕಾದಶಿಗೆ ಕೆಂಪು ಗೆರೆ. ಆ ಸೊನ್ನೆಗಳ ಮಧ್ಯೆ ಸಣ್ಣ ಅಕ್ಷರದಲ್ಲಿ ‘ಪಿ. ಮೊ. 2’ ಅಂತ ಇರುತ್ತಿತ್ತು. ಜಗುಲಿಯ ಮಲ್ಲಿಗೆ ಚಪ್ಪರದಲ್ಲಿ ಪಿಕಳಾರದ ಗೂಡು, ಎರಡನೇ ಮೊಟ್ಟೆ ಇಟ್ಟಿದೆ ಅಂತ ಅರ್ಥ. ನಸುಗುಲಾಬಿ ಮೊಟ್ಟೆ, ಮೈತುಂಬ ಕೆಂಪು ಚುಕ್ಕೆ. ಆ ದಿನದಿಂದ ಚಪ್ಪರದ ಆ ಮೂಲೆಯ ಹೂವು ಯಾರೂ ಕೀಳುವ ಹಾಗಿರಲಿಲ್ಲ. ದೇವರಿಗೆ ಕಣಗಿಲೆಯೇ ಗತಿ. ಅತ್ತೆ ಆ ಕ್ಯಾಲೆಂಡರುಗಳನ್ನು ವರ್ಷ ಮುಗಿದ ಮೇಲೂ ಎಸೆಯದೆ ಸುರುಳಿ ಸುತ್ತಿ ಅಟ್ಟದ ಮೇಲಿಡುತ್ತಿದ್ದರು. ದತ್ತಾಂಶ ಎಂಬ ಮಾತು ಅವರಿಗೆ ಗೊತ್ತಿರಲಿಲ್ಲ, ದತ್ತಾಂಶ ಮಾತ್ರ ಅಟ್ಟದ ತುಂಬ ಇತ್ತು.

ಎಲ್ಲಿದ್ದೆ? ಹಾಂ, ಮಾರ್ಗರೆಟಮ್ಮ. ಅವರು ಮತ್ತೆ ಹಕ್ಕಿಗಳ ಕಡೆ ತಿರುಗಿದ್ದು 1919ರಲ್ಲಿ, ಓಕ್ಲಹೋಮದ ನಾರ್ಮನ್ ಊರಿನಲ್ಲಿದ್ದಾಗ. ಮೋರ್ನಿಂಗ್ ಡವ್ ಅಂತ ಒಂದು ಪಾರಿವಾಳ. ಆಗಸ್ಟಿನ ಹೊತ್ತಿಗೆ ಅದರ ಮರಿಗಳೆಲ್ಲ ಹಾರಿಹೋಗಿರುತ್ತವೆ, ಇನ್ನು ಬೇಟೆಗೆ ಬಿಟ್ಟುಕೊಟ್ಟರೆ ತಪ್ಪೇನು ಎಂಬ ಮಾತು ಎದ್ದಿತ್ತು. ಇವರು ಮಕ್ಕಳನ್ನೂ ಕಟ್ಟಿಕೊಂಡು ಗೂಡು ಹುಡುಕಿ ಹೊರಟರು. ಸೆಪ್ಟೆಂಬರಿನಲ್ಲೂ, ಅಕ್ಟೋಬರಿನಲ್ಲೂ ಗೂಡಿನಲ್ಲಿ ಮರಿಗಳು ಸಿಕ್ಕವು. ತಾಯಿಗೆ ಗುಂಡು ಬಿದ್ದರೆ ಆ ಮರಿಗಳ ಗತಿಯೇನು? ಕೂಗಾಡಿ ವಾದಿಸುವ ಬದಲು ಗೂಡುಗಳ ಲೆಕ್ಕ ಮುಂದಿಟ್ಟರು.

1927ರಲ್ಲಿ ಸಂಸಾರ ಕೊಲಂಬಸ್ಸಿಗೆ ಬಂತು. ಮನೆಯ ಹತ್ತಿರ ಓಲೆಂಟಾಂಜಿ ನದಿ. ಎರಡು ಸೇತುವೆಗಳ ನಡುವೆ ಕಳೆ ಬೆಳೆದ ಪಾಳು ಜಾಗ. ಅದಕ್ಕೆ ಇಂಟರ್‌ಪಾಂಟ್ ಅಂತ ಹೆಸರಿಟ್ಟರು. ಮುಂದಿನ ವರ್ಷದಿಂದ ಅಲ್ಲಿನ ಸಾಂಗ್ ಸ್ಪ್ಯಾರೋಗಳ ಕಾಲಿಗೆ ಬಣ್ಣದ ಉಂಗುರ ತೊಡಿಸತೊಡಗಿದರು. ಉಂಗುರ ತೊಟ್ಟ ಮೇಲೆ ‘ಒಂದು ಗುಬ್ಬಿ’ ಹೋಗಿ ‘ಆ ಗುಬ್ಬಿ’ ಆಯಿತು. 2,305 ಹಾಡಿನ ಗವಾಯಿಯ ಹೆಸರು ‘ಫೋರ್ ಎಂ’, ಅಂದರೆ ನಾಲ್ಕನೇ ಗಂಡು. ಅವನು ಯಾವ ಪೊದೆಗೆ ಒಡೆಯ, ಯಾರನ್ನು ಕಟ್ಟಿಕೊಂಡ, ಯಾರೊಡನೆ ಗಡಿ ಜಗಳ, ಎಲ್ಲ ವರ್ಷಾನುಗಟ್ಟಲೆ ದಾಖಲಾಯಿತು. ಒಂದೊಂದು ಗಂಡಿಗೂ ತನ್ನದೇ ಹಾಡುಗಳ ಗಂಟು ಇರುತ್ತದೆ; ಒಂದನ್ನೇ ಹಲವು ಸಲ ಹಾಡಿ ಆಮೇಲೆ ಇನ್ನೊಂದಕ್ಕೆ ಹೊರಳುತ್ತದೆ. ಇದನ್ನೆಲ್ಲ ದೂರದ ಕಾಡಿಗೆ ಹೋಗಿ ತಿಳಿಯಲಿಲ್ಲ, ನೋಡಿ. ಒಲೆ ಆರಿಸಿ ಹೋಗಿ, ಮತ್ತೆ ಒಲೆ ಹಚ್ಚುವ ಹೊತ್ತಿಗೆ ಬರುವಷ್ಟು ದೂರ.

ಬರೆದದ್ದು ಅಮೆರಿಕದ ಪತ್ರಿಕೆಗಳಿಗೆ ಉದ್ದವಾಯಿತು. ಆಗ ಕೈಹಿಡಿದವರು ಬರ್ಲಿನ್ನಿನ ಪಕ್ಷಿತಜ್ಞ ಎರ್ವಿನ್ ಸ್ಟ್ರೆಸೆಮನ್. 1933 ಮತ್ತು 34ರಲ್ಲಿ ಜರ್ಮನ್ ಭಾಷೆಯಲ್ಲಿ, ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಈ ಸ್ಟ್ರೆಸೆಮನ್ ನಮಗೂ ಗುರುಮನೆಯ ಕಡೆಯವರು, ಗೊತ್ತೇ? 1929–30ರಲ್ಲಿ ನಮ್ಮ ಪಕ್ಷಿತಜ್ಞ ಸಲೀಂ ಅಲಿ ಹೋಗಿ ಕಲಿತದ್ದು ಇವರ ಹತ್ತಿರವೇ. ವಾಪಸು ಬಂದರೆ ಕೆಲಸವಿಲ್ಲ. ಮುಂಬಯಿಯಾಚೆ ಕಿಹೀಮ್ ಎಂಬ ಕಡಲತೀರದ ಹಳ್ಳಿಯಲ್ಲಿ, ಸಂಸಾರದ ಮನೆಯಲ್ಲಿ ಉಳಿದುಕೊಂಡು, ಹತ್ತಿರದ ಗೀಜಗಗಳನ್ನು ನೋಡುತ್ತ ಕೂತರು. ಗಂಡು ಅರ್ಧ ಗೂಡು ಹೆಣೆದು ಹೆಣ್ಣಿಗೆ ತೋರಿಸುತ್ತದೆ, ಒಪ್ಪಿದರೆ ಮುಗಿಸುತ್ತದೆ, ಮುಗಿಸಿದ್ದೇ ಪಕ್ಕದಲ್ಲಿ ಇನ್ನೊಂದು ಗೂಡು, ಇನ್ನೊಬ್ಬಳಿಗಾಗಿ. ಇತ್ತ ಕಿಹೀಮ್, ಅತ್ತ ಕೊಲಂಬಸ್, ಹೆಚ್ಚುಕಡಿಮೆ ಅದೇ ವರ್ಷಗಳು, ಇಬ್ಬರೂ ಮನೆಯ ಬಗಲಲ್ಲೇ. ಮುಂದೆ ಇದೇ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆಗೆ ಬಂದರು. ಅವರ ಒತ್ತಾಯದಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಓಲೆಂಟಾಂಜಿಯ ನೀರಿಗೂ ಕಾವೇರಿಯ ನೀರಿಗೂ ಬರ್ಲಿನ್ನಿನಲ್ಲೊಂದು ನೆಂಟಸ್ತಿಕೆ!

ಇನ್ನು ಗೂಡಿನ ಲೆಕ್ಕದಲ್ಲಿ ಒಂದು ಗಂಟಿದೆ, ಅದನ್ನು ಬಿಡಿಸದೆ ಮುಂದೆ ಹೋಗಲು ಮನಸ್ಸಿಲ್ಲ. ನೂರು ಗೂಡು ನೋಡಿದೆವು, ಅರವತ್ತರಲ್ಲಿ ಮರಿ ಹಾರಿತು, ಹಾಗಾದರೆ ನೂರಕ್ಕೆ ಅರವತ್ತು ಅನ್ನುವುದು ಸರಿಯೇ? ಅಲ್ಲ. ಮದುವೆಮನೆಗೆ ಊಟದ ಹೊತ್ತಿಗೆ ಹೋದವನಿಗೆ ಆ ಮದುವೆ ಎಷ್ಟು ಸಲ ಮುರಿಯುವ ಹಂತಕ್ಕೆ ಬಂದಿತ್ತು ಅಂತ ಏನು ಗೊತ್ತು? ಮುರಿದ ಮದುವೆಗೆ ಅವನಿಗೆ ಕರೆಯೋಲೆಯೇ ಬಂದಿರುವುದಿಲ್ಲ. ಮೊದಲ ದಿನಗಳಲ್ಲೇ ಹಾವಿನ ಪಾಲಾದ ಗೂಡು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಕಂಡದ್ದು ಆಗಲೇ ಅರ್ಧ ದಾರಿ ಗೆದ್ದದ್ದು. ಇದನ್ನು ಬಿಡಿಸಿದವರು ಒಹಾಯೊದವರೇ ಆದ ಹೆರಾಲ್ಡ್ ಮೇಫೀಲ್ಡ್. ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿ ನೌಕರಿ, ಹಕ್ಕಿ ಬಿಡುವಿನ ಕೆಲಸ. ಗೂಡುಗಳನ್ನು ಎಣಿಸಬೇಡಿ, ಗೂಡು ಕಾದ ದಿನಗಳನ್ನು ಎಣಿಸಿ ಅಂತ 1961ರಲ್ಲಿ ಬರೆದರು. ಹತ್ತು ಗೂಡನ್ನು ಹತ್ತು ಹತ್ತು ದಿನ ಕಂಡರೆ ನೂರು ಗೂಡುದಿನ. ಅದರಲ್ಲಿ ನಾಲ್ಕು ಗೂಡು ಹಾಳಾದರೆ ದಿನಕ್ಕೆ ನೂರಕ್ಕೆ ನಾಲ್ಕು ನಷ್ಟ. ನಾಲ್ಕೇ ತಾನೇ ಅಂತೀರಾ? ಮೊಟ್ಟೆಯಿಂದ ಮರಿ ಹಾರುವವರೆಗೆ 22 ದಿನ ಅಂತಿಟ್ಟುಕೊಂಡು ಗುಣಿಸುತ್ತ ಹೋಗಿ. ಕೊನೆಗೆ ನೂರು ಗೂಡಿನಲ್ಲಿ ಉಳಿಯುವುದು ಸುಮಾರು 41. ನನಗಂತೂ ಈ ಲೆಕ್ಕ ಹಾಕಿದ ಮೇಲೆ ಹಾರಿದ ಒಂದೊಂದು ಮರಿಯ ಮೇಲೂ ಗೌರವ ಹೆಚ್ಚಾಗಿದೆ.

ಮಾರ್ಗರೆಟಮ್ಮನ ಗುಬ್ಬಿ ಗ್ರಂಥದ ಎರಡು ಸಂಪುಟಗಳು 1937 ಮತ್ತು 1943ರಲ್ಲಿ ಬಂದವು. ನಡುವೆ 1942ರಲ್ಲಿ, ಹಕ್ಕಿಗಳ ಅಧ್ಯಯನಕ್ಕೆ ಕೊಡುವ ಬ್ರೂಸ್ಟರ್ ಪದಕ. ಅಲ್ಲಿಗೆ ನಿಂತರೇ? ಎಪ್ಪತ್ತರ ಸುಮಾರಿಗೆ ಇನ್ನೊಂದು ಹಿಡಿದರು. ಸಣ್ಣ ಹಕ್ಕಿಗಳ ಮೊಟ್ಟೆ ಹತ್ತೇ ದಿನಕ್ಕೆ ಒಡೆಯುತ್ತದೆ ಅಂತ ಪುಸ್ತಕಗಳು ಹೇಳುತ್ತಿದ್ದವು. ಯಾರು ನೋಡಿದ್ದು ಅಂತ ಹಿಂದೆ ಹಿಂದೆ ಹುಡುಕುತ್ತ ಹೋದರೆ, ಇವರು ಅವರ ಪುಸ್ತಕ ನೋಡಿ, ಅವರು ಇನ್ನೊಬ್ಬರದು ನೋಡಿ ಬರೆದದ್ದು! ಮಾರ್ಗರೆಟಮ್ಮನದೇ ಸಾಂಗ್ ಸ್ಪ್ಯಾರೋಗೆ ಹನ್ನೆರಡು ಹದಿಮೂರು ದಿನ ಬೇಕು. ಅತ್ತೆಯ ಕ್ಯಾಲೆಂಡರಿನಲ್ಲಿ ಪಿಕಳಾರಕ್ಕೂ ಹನ್ನೆರಡರ ಆಸುಪಾಸೇ. ನಿಮ್ಮ ಜಗುಲಿಯಲ್ಲೂ ಗೂಡಿದ್ದರೆ ನೋಡಿ ಹೇಳಿ. ಆದರೆ ಕೊನೆಯ ಮೊಟ್ಟೆ ಇಟ್ಟ ದಿನದಿಂದ ಎಣಿಸಿ, ಮೊದಲನೆಯದರಿಂದ ಬೇಡ. ಸಣ್ಣ ಹಕ್ಕಿಗಳಲ್ಲಿ ಬಹಳಷ್ಟು ಸರಿಯಾಗಿ ಕಾವಿಗೆ ಕೂರುವುದು ಮೊಟ್ಟೆಗಳೆಲ್ಲ ಇಟ್ಟು ಮುಗಿಯುತ್ತ ಬಂದಾಗಲೇ.