ಉಬ್ಬರವಿಳಿತದ ಲೆಕ್ಕ

ಥಾಯ್ಲೆಂಡಿನ ಫಾಂಗ್‌ನ್ಗಾ ಕೊಲ್ಲಿಯ ಸುಣ್ಣಕಲ್ಲಿನ ದ್ವೀಪಗಳ ನಡುವೆ ಒಂದು ದಿನ ಕಯಾಕ್ ದೋಣಿಯಲ್ಲಿ ಸಂಚರಿಸಬಯಸುವವನು ಮೊದಲು ನೋಡಬೇಕಾದುದು ಉಬ್ಬರವಿಳಿತದ ಪಟ್ಟಿಯನ್ನು. ನವೆಂಬರಿನಿಂದ ಏಪ್ರಿಲ್‌ವರೆಗೆ ಕಡಲು ಬಹುಮಟ್ಟಿಗೆ ಶಾಂತ; ಕುಡಿಯುವ ನೀರು, ತೇಲುಕವಚ ಮುಂತಾದುವು ಸುಲಭದ ಸಿದ್ಧತೆ. ಕಠಿಣವಾದುದು ‘ಹೊಂಗ್’. ಥಾಯ್ ಭಾಷೆಯಲ್ಲಿ ಕೋಣೆಯೆಂದರ್ಥ. ದ್ವೀಪದ ಗರ್ಭದಲ್ಲಿ ಆಕಾಶಕ್ಕೆ ತೆರೆದ ಕೊಳವದು. ಒಳದಾರಿ ತಗ್ಗಾದ ಗುಹೆ. ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡ. ನೀರೇರಿದರೆ ಒಳಗಿದ್ದವನಿಗೆ ಹೊರದಾರಿ ಮುಚ್ಚೀತು. ತೀರ ಇಳಿದರೆ ದೋಣಿ ಕೆಸರಿನಲ್ಲಿ ಕೂತೀತು. ಶುಲ್ಕ ತೆತ್ತಾಗಿದೆಯೆಂದು ನುಗ್ಗುವವರುಂಟು. ತೆತ್ತ ಹಣವನ್ನು ಜೀವದ ಖಾತೆಗೆ ಬರೆಯುವ ಈ ಲೆಕ್ಕ ಯಾವ ಅಂಗಡಿಯಲ್ಲಿಯೂ ನಡೆಯದು! ಮಾರ್ಗದರ್ಶಕನು ಬೇಡವೆಂದರೆ ಹಿಂದಿರುಗುವುದೆಂದು ದಡದಲ್ಲಿಯೇ ಎಲ್ಲರೂ ಒಪ್ಪಿಕೊಳ್ಳತಕ್ಕದ್ದು. ಗುಹೆಯ ಬಾಯಲ್ಲಿ ಚರ್ಚೆಗೆ ಅವಕಾಶವಿರದು. ಹಿಂದಿರುಗಿದವರಿಗೆ ಕಾಂಡ್ಲಾ ವನದಂಚಿನ ನಿಶ್ಶಬ್ದ ಜಲಮಾರ್ಗ ಉಳಿದೇ ಇರುತ್ತದೆ.