ಪಾಳಿ

ಮುಗಳಖೋಡದವರಿಗೆ ಪಾಳಿಯೆಂಬುದು ಹೊಸ ಮಾತಲ್ಲ. ಬೇರೆಡೆಯ ಜನ ಸರದಿಯೆಂದೂ ಸಾಲೆಂದೂ ಎರಡು ಮಾತುಗಳಲ್ಲಿ ಹೇಳುವುದನ್ನು ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಈ ಊರಿನವರು ಪಾಳಿ ಎಂಬ ಒಂದೇ ಮಾತಿನಲ್ಲಿ ಅಡಗಿಸಿಬಿಡುತ್ತಾರೆ. ಕಾಲುವೆಯ ನೀರಿಗೆ ಪಾಳಿಯುಂಟು. ಅದು ನಡುರಾತ್ರಿಗೆ ಬಿದ್ದರೆ ಬ್ಯಾಟರಿ ಹಿಡಿದು ಒಡ್ಡಿನ ಮೇಲೆ ಕುಳಿತು, ನೀರಿನ ಸಪ್ಪಳಕ್ಕೆ ಕಿವಿಗೊಟ್ಟಿರಬೇಕು. ರೇಶನ್ ಅಂಗಡಿಯ ಮುಂದೆ ಪಾಳಿಯುಂಟು. ಯಲ್ಲಾಲಿಂಗ ಮಹಾರಾಜರ ಮಠದಲ್ಲಿ ಪ್ರಸಾದಕ್ಕೂ ಪಾಳಿಯುಂಟು. ಆದರೆ ಅಲ್ಲಿ ಕೊನೆಯವನಿಗೂ ಸಿಕ್ಕೇ ಸಿಗುತ್ತದೆಂಬ ನಂಬಿಕೆಯಿರುವುದರಿಂದ ಯಾರೂ ಅಷ್ಟಾಗಿ ನುಗ್ಗುವುದಿಲ್ಲ.

ಇವೆಲ್ಲಕ್ಕೂ ಹಿರಿದಾದುದು ಕಬ್ಬಿನ ಪಾಳಿ. ದೀಪಾವಳಿಯ ಸುಮಾರಿಗೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸತೊಡಗಿದವೆಂದರೆ, ಅವುಗಳ ಬಾಗಿಲಿನಿಂದ ಬಹುದೂರದವರೆಗೆ ಟ್ರ್ಯಾಕ್ಟರುಗಳೂ ಚಕ್ಕಡಿಗಳೂ ಒಂದರ ಹಿಂದೊಂದು ನಿಲ್ಲುತ್ತವೆ. ಕಡಿದ ಕಬ್ಬಿಗೆ ಕಾಯುವ ಶಕ್ತಿಯಿಲ್ಲ. ಬಿಸಿಲಿನಲ್ಲಿ ನಿಂತಷ್ಟೂ ಅದರ ರಸ ಆರಿ ತೂಕ ಇಳಿಯುತ್ತದೆ. ಒಳಗಿನ ಸಕ್ಕರೆಯೂ ಕಡಿಮೆಯಾಗುತ್ತದೆ. ರೈತನ ಕೈಗೆ ಹಣ ಬರುವುದಾದರೋ ತೂಕದ ಮೇಲೆ. ಆದುದರಿಂದ ಗಾಡಿಯು ಕಾಟಾ ಏರುವವರೆಗಿನ ಒಂದೊಂದು ತಾಸೂ ಅವನ ಕಿಸೆಯಿಂದಲೇ ಕಳೆಯುತ್ತಿರುತ್ತದೆ. ಇಂತಹ ಕಡೆ ಜಗಳವಿಲ್ಲದೆ ದಿನಗಳನ್ನು ಕಳೆಯಬೇಕಾದರೆ ಕೆಲವು ಕಟ್ಟಳೆಗಳು ಬೇಕಾಗುತ್ತವೆ. ಅವನ್ನು ಯಾರೂ ಬರೆದಿಟ್ಟಿಲ್ಲ. ಚಹಾ ಕುಡಿಯಲು ಹೋದವನ ಟವೆಲ್ಲು ಗಾಡಿಯ ಮೇಲಿದ್ದರೆ ಅವನು ಅಲ್ಲಿಯೇ ಇದ್ದಂತೆ. ಬುತ್ತಿ ಬಿಚ್ಚಿದವನು ಹಿಂದಿನವನನ್ನೂ ಮುಂದಿನವನನ್ನೂ ಕರೆಯಬೇಕು. ನಡುವೆ ತೂರಿದವನ ಸಂಗಡ ಆ ಸುಗ್ಗಿ ಮುಗಿಯುವವರೆಗೆ ಯಾರೂ ಮಾತನಾಡಬಾರದು.

ಇಂತಹ ಪಾಳಿಗಳಲ್ಲಿ ಮೂವತ್ತು ವರ್ಷ ನಿಂತು ಮಾಗಿದ ಮುಗಳಖೋಡದ ರೈತನೊಬ್ಬನು, ಕೆಲವು ವರ್ಷಗಳ ಹಿಂದೆ, ತನ್ನ ಮಗಳೊಡನೆ ಬೆಳಗಾವಿಗೆ ಹೋಗಿ, ಜನ್ಮದಲ್ಲಿ ಕಾಣದಿದ್ದ ಒಂದು ಪಾಳಿಯಲ್ಲಿ ನಿಂತನು. ಅದು ದೂರದರ್ಶನದ ಪರದೆಯ ಮೇಲೆ ಪ್ರಶ್ನೆಗಳಿಗೆ ಉತ್ತರ ಹೇಳಿ ಹಣ ಗೆಲ್ಲುವ ಆಟವೊಂದಕ್ಕೆ ಸ್ಪರ್ಧಿಗಳನ್ನು ಆಯುವ ಪಾಳಿ.

ಈ ಆಟದ ಮೂಲ ದೂರದ್ದು. 1998ರಲ್ಲಿ ಇಂಗ್ಲೆಂಡಿನ ದೂರದರ್ಶನವೊಂದರಲ್ಲಿ ಹುಟ್ಟಿದ ಮಾದರಿಯು 2000ದ ಜುಲೈ ತಿಂಗಳಲ್ಲಿ ಅಮಿತಾಭ್ ಬಚ್ಚನ್ನರ ಕಂಠದಲ್ಲಿ 'ಕೌನ್ ಬನೇಗಾ ಕರೋಡ್‌ಪತಿ'ಯಾಗಿ ಹಿಂದಿಗೆ ಬಂದಿತು. 2012ರ ಮಾರ್ಚಿನಲ್ಲಿ ಪುನೀತ್ ರಾಜ್‌ಕುಮಾರರು ನಡೆಸಿಕೊಟ್ಟ 'ಕನ್ನಡದ ಕೋಟ್ಯಧಿಪತಿ'ಯಾಗಿ ಕನ್ನಡದ ಮನೆಗಳಿಗೆ ಬಂದಿತು. ಹಣವಿಲ್ಲದೆ ಜ್ಞಾನಕ್ಕೇ ಮೀಸಲಾದ ಪ್ರಶ್ನೋತ್ತರವೂ ಕನ್ನಡದಲ್ಲಿ ಅದಕ್ಕೆ ಮೊದಲೇ ಇದ್ದಿತು. 2002ರ ಜನವರಿಯಲ್ಲಿ ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರರು ತೊಡಗಿದ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಸಿಗುತ್ತಿದ್ದುದು ಕನ್ನಡ ಪುಸ್ತಕ. ಆ ಹುಡುಗಿಯು ಬೆಳೆದದ್ದು ಈ ಕಾರ್ಯಕ್ರಮವನ್ನು ನೋಡುತ್ತಲೇ. ತಾಯಿ ರೊಟ್ಟಿ ಬಡಿಯುತ್ತಿರುವಾಗ ಮಗಳು ಪರದೆಯ ಮುಂದೆ ಕುಳಿತು, ಸ್ಪರ್ಧಿಗಳಿಗಿಂತ ಮೊದಲು ಉತ್ತರ ಕೂಗುವಳು. ತಾಯಿಗೆ ಪ್ರಶ್ನೆಯೂ ತಿಳಿಯದು, ಉತ್ತರವೂ ತಿಳಿಯದು. ಮಗಳ ದನಿಯ ಗಟ್ಟಿತನದಿಂದಲೇ ಅದು ಸರಿಯೋ ತಪ್ಪೋ ಎಂದು ಹೇಳಿಬಿಡುತ್ತಿದ್ದಳು.

ಆ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಸ್ಪತ್ರೆಗೆಂದು ಮಾಡಿದ ಸಾಲ ಉಳಿದಿತ್ತು. ಮಗಳು ಪದವಿ ಮುಗಿಸಿ, ಬಿ.ಎಡ್. ಸೇರಲು ಹಣವಿಲ್ಲದೆ, ಊರಿನ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳುತ್ತ, ಗ್ರಂಥಾಲಯದ ಪತ್ರಿಕೆಗಳನ್ನೆಲ್ಲ ಓದುತ್ತ ಇದ್ದಳು. ಮೊಬೈಲಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಕಳುಹಿಸಿದಳು. ಬೆಳಗಾವಿಗೆ ಬರಬೇಕೆಂದು ಕರೆ ಬಂದಿತು.

ತಂದೆ ಮಗಳು ಹಿಂದಿನ ದಿನವೇ ಹೊರಟು, ಗೋಕಾಕದ ಮೇಲೆ ಬೆಳಗಾವಿ ಸೇರಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ರಾತ್ರಿ ಕಳೆದರು. ನಸುಕಿನ ಐದು ಗಂಟೆಗೆ ಕಲ್ಯಾಣ ಮಂಟಪದ ಗೇಟಿನ ಬಳಿಗೆ ಬಂದಾಗ, ತಾವೇ ಮೊದಲಿಗರೆಂದು ತಿಳಿದಿದ್ದವರಿಗೆ ಮುಂದೆ ನೂರಾರು ತಲೆಗಳು ಕಂಡವು. ವಿಜಯಪುರ, ಬಾಗಲಕೋಟೆ, ಕಾರವಾರಗಳಿಂದ ಜನ ಬಂದಿದ್ದರು. ಪೊಲೀಸ್ ಪೇದೆ, ಬ್ಯಾಂಕಿನ ಗುಮಾಸ್ತ, ಹೆರಿಗೆಯಾಗಿ ಮೂರು ತಿಂಗಳಾದ ಬಾಣಂತಿ, ತನಗೆ ಇಂತಹ ಇನ್ನೂರು ಪ್ರಶ್ನೆ ಬಾಯಿಪಾಠವೆಂದು ಸಾರಿ ಹೇಳುವ ಅಂಗಡಿಕಾರ, ಹೀಗೆ ಎಲ್ಲ ಬಗೆಯವರೂ ಇದ್ದರು. ಆಟದ ಮಾದರಿಯಂತೆ ಒಮ್ಮೆಗೆ ಹತ್ತು ಮಂದಿ ವೇದಿಕೆಯ ಸುತ್ತ ಕುಳಿತುಕೊಳ್ಳುತ್ತಾರೆ. ಬೆರಳಿನ ಚುರುಕಿನಲ್ಲಿ ಮೊದಲಿಗನಾದವನೊಬ್ಬನೇ ನಡುವಿನ ಕುರ್ಚಿಗೆ ಏರುತ್ತಾನೆ. ಆ ಹತ್ತರಲ್ಲಿ ಒಂದಾಗಲು ಊರೂರಿನಲ್ಲಿ ಎಷ್ಟು ಸಾವಿರ ಜನ ಹೀಗೆ ನಿಂತಿರಬಹುದೆಂದು ಲೆಕ್ಕ ಹಾಕುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಇರದಿದ್ದುದು ಒಳ್ಳೆಯದೇ ಆಯಿತು.

ಏಳು ಗಂಟೆಯ ಹೊತ್ತಿಗೆ ಗೊಂದಲ ತೊಡಗಿತು. ಎರಡು ಗೇಟುಗಳಿದ್ದುದರಿಂದ ಸಾಲು ಎರಡಾಯಿತು. ಎರಡರ ನಡುವೆ ಮೂರನೆಯದೊಂದು ಮೊಳೆಯಿತು. ಕಾವಲುಗಾರನು ಕೂಗಿ ಕೂಗಿ ಸುಮ್ಮನಾದನು. ಆಗ ಕಬ್ಬಿನ ಯಾರ್ಡಿನ ಅನುಭವ ಎದ್ದು ನಿಂತಿತು. ರೈತನು ಮಗಳ ನೋಟ್‌ಬುಕ್ಕಿನ ಹಾಳೆಯನ್ನು ಹರಿದು, ಚೀಟಿ ಮಾಡಿ, ಸಂಖ್ಯೆ ಬರೆಯಿಸಿ, ಒಬ್ಬೊಬ್ಬರ ಕೈಗೆ ಕೊಡುತ್ತ ಸಾಲಿನ ಉದ್ದಕ್ಕೂ ನಡೆದನು.

"ಕೂಸಿನವ್ವಾರನ್ನ ನೆಳ್ಳಿಗೆ ಕುಂಡ್ರಸ್ರಿ. ಚೀಟಿ ಐತೆಲ್ಲ, ಪಾಳಿ ಎಲ್ಲೂ ಓಡಿ ಹೋಗೂದಿಲ್ಲ" ಎಂದನು.

ಯಾರು ಈತ, ಇವನಿಗೆ ಈ ಅಧಿಕಾರವನ್ನು ಕೊಟ್ಟವರಾರು ಎಂದು ಒಬ್ಬರೂ ಕೇಳಲಿಲ್ಲ. ಅವನ ತಲೆಯ ರುಮಾಲನ್ನೂ ದನಿಯನ್ನೂ ಕಂಡು ಜನ ಚೀಟಿ ಹಿಡಿದು ನಿಂತರು. ಪೊಲೀಸ್ ಪೇದೆಯೂ ಹಿಡಿದನು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದಾಗ ಹಿಂದಿನವರಿಗೂ ಮುಂದಿನವರಿಗೂ ಕರೆ ಹೋಯಿತು.

ಬಿಸಿಲೇರಿದಂತೆ ಸಾಲಿನಲ್ಲಿಯೇ ಒಂದು ಶಾಲೆ ನೆರೆಯಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದೆಲ್ಲಿ ಎಂದು ಗುಮಾಸ್ತನು ಕೇಳಿದರೆ, "ನಾವು ನಿಂತ ಊರಾಗs, 1924ರಾಗ" ಎಂದು ನಾಲ್ಕು ಕಡೆಯಿಂದ ಉತ್ತರ ಬಂದಿತು. ಮೈಸೂರು ರಾಜ್ಯವು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು; ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕನ್ನಡಕ್ಕೆ ಮೊದಲ ಜ್ಞಾನಪೀಠವನ್ನು ತಂದಿತು; ಗೋಲಗುಮ್ಮಟದೊಳಗೆ ಮಲಗಿರುವವನು ಮಹಮ್ಮದ್ ಆದಿಲ್ ಷಾ. ಉತ್ತರ ತಿಳಿಯದವರು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡರು. ಎದುರಾಳಿಗೆ ಉತ್ತರ ಕಲಿಸಬಾರದೆಂಬ ಬುದ್ಧಿ ಅಲ್ಲಿ ಯಾರಿಗೂ ಹೊಳೆದಂತೆ ಕಾಣಲಿಲ್ಲ. ಇನ್ನೂರು ಪ್ರಶ್ನೆಗಳ ಅಂಗಡಿಕಾರನೊಬ್ಬನೇ ಬಾಯಿ ಬಿಡಲಿಲ್ಲ.

ನಡುಹಗಲಿನ ಹೊತ್ತಿಗೆ ಒಳಗಿನಿಂದ ಹೊರಬಂದವರ ಮೂಲಕ ಬೇರೊಂದು ಸುದ್ದಿ ಸಾಲಿನ ಗುಂಟ ಹರಿಯಿತು. ಬರೆಹದ ಪರೀಕ್ಷೆಯೊಂದೇ ಸಾಲದು. ಅದರಲ್ಲಿ ಉಳಿದವರನ್ನು ಕ್ಯಾಮೆರಾದ ಮುಂದೆ ಕೂರಿಸಿ ಮಾತನಾಡಿಸುತ್ತಾರೆ, ಮನೆಯ ಕಷ್ಟ ಕೇಳುತ್ತಾರೆ, ಕಣ್ಣೀರು ತರಿಸುವಂತೆ ಹೇಳಿದವರನ್ನು ಒಳಗಿನವರು ಮತ್ತೊಮ್ಮೆ ಹೇಳಿರೆಂದು ಕೇಳುತ್ತಾರೆ. ಅಲ್ಲಿಗೆ ಶಾಲೆ ಮುರಿಯಿತು. ಗಾಂಧಿಯವರನ್ನೂ ಗೋಲಗುಮ್ಮಟವನ್ನೂ ಬಿಟ್ಟು ಜನ ತಂತಮ್ಮ ದುಃಖಗಳನ್ನು ಒಪ್ಪಮಾಡತೊಡಗಿದರು. ಬಾಣಂತಿಯು ಗಂಡನ ಕುಡಿತದ ಕತೆಯನ್ನು ತುಟಿಯೊಳಗೇ ಹೇಳಿಕೊಂಡಳು. ಒಬ್ಬ ತರುಣನು ತಮ್ಮನ ಅಪಘಾತದ ಕತೆಯನ್ನು ಗೆಳೆಯನ ಮುಂದೆ ಎರಡು ಸಲ ಹೇಳಿದನು. ಎರಡನೆಯ ಸಲ ಚೆನ್ನಾಗಿ ಬಂದಿತೆಂದು ಗೆಳೆಯ ಮೆಚ್ಚಿಕೊಂಡನು.

ಇದರಲ್ಲಿ ಯಾರನ್ನು ದೂರುವುದು? ಹಣದ ತಿರುಗಣಿ ನೋಡಿ ಕಣ್ಣು ದಣಿದಾಗ ನೋಡುಗನು ಮನುಷ್ಯನ ಮುಖವನ್ನು ಅರಸುತ್ತಾನೆ. 2008ರಲ್ಲಿ ಬಂದು 8 ಆಸ್ಕರ್ ಪ್ರಶಸ್ತಿಗಳನ್ನು ಗೆದ್ದ 'ಸ್ಲಮ್‌ಡಾಗ್ ಮಿಲಿಯನೇರ್' ಚಲನಚಿತ್ರದ ಕತೆಯೂ ಇದೇ ಆಟದ್ದು; ಅಲ್ಲಿ ಮುಂಬಯಿಯ ಕೊಳೆಗೇರಿಯ ಹುಡುಗನು ಹೇಳುವ ಉತ್ತರಗಳು ಅವನು ಉಂಡ ನೋವುಗಳಿಂದಲೇ ಬರುತ್ತವೆ. ಲೋಕಕ್ಕೆ ಅದು ಮೆಚ್ಚುಗೆಯಾಯಿತು. ಸಾಲ ಹೊತ್ತವನು ತನ್ನ ಸಾಲದ ಮಾತನ್ನು ನಾಲ್ಕು ಜನರ ಮುಂದೆ ಹೇಳಿದರೆ ಅದು ಸುಳ್ಳೂ ಅಲ್ಲ, ತಪ್ಪೂ ಅಲ್ಲ. ಆದರೂ ಕಡಿದ ಕಬ್ಬಿನಂತೆ ದುಃಖವೂ ಬಯಲಿಗೆ ಬಂದ ಗಳಿಗೆಯಿಂದ ಆರತೊಡಗುತ್ತದೆಯೋ ಏನೋ! ಎರಡನೆಯ ಸಲ ಚೆನ್ನಾಗಿ ಬಂದ ಕತೆಯಲ್ಲಿ ಆ ತಮ್ಮನು ಮೊದಲ ಸಲಕ್ಕಿಂತ ತುಸು ದೂರ ಹೋಗಿದ್ದನು.

ರೈತನು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಮಗಳ ಕಡೆ ನೋಡದೆ ಹೇಳಿದನು: "ಅವ್ವನ ಮಾತು ಹೇಳವಾ. ಆಸ್ಪತ್ರಿದು, ಸಾಲದ್ದು. ಹೇಳಿದ್ರ ಆಕಿ ಏನೂ ಅನ್ನಾಂಗಿಲ್ಲ."

ಮಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ನಾಲ್ಕು ಗಂಟೆಗೆ ಅವಳ ಪಾಳಿ ಬಂದಿತು. ಬರೆಹದ ಪ್ರಶ್ನೆಗಳಲ್ಲಿ ಒಂದನ್ನುಳಿದು ಎಲ್ಲವೂ ಅವಳಿಗೆ ತಿಳಿದಿದ್ದವು. ಅರ್ಧ ತಾಸಿನ ಮೇಲೆ ಒಳಗಿನ ಕೋಣೆಗೆ ಕರೆದರು. ಕಣ್ಣು ಕುಕ್ಕುವ ದೀಪ, ಒಂದು ಕುರ್ಚಿ, ಕ್ಯಾಮೆರಾದ ಪಕ್ಕದಲ್ಲಿ ಬೆಂಗಳೂರಿನ ಕಡೆಯ ಮಾತಿನ ಒಬ್ಬ ತರುಣ. ಬೆಳಗಿನಿಂದ ನೂರಾರು ಜನರ ಕಷ್ಟ ಕೇಳಿ ಅವನ ಮುಖವೂ ಬಾಡಿತ್ತು. ಆದರೂ ಅವನು ಮೃದುವಾಗಿಯೇ ಮಾತನಾಡಿದನು.

"ಅರ್ಜಿಯಲ್ಲಿ ತಾಯಿ ಇಲ್ಲ ಅಂತ ಬರೆದಿದ್ದೀರಿ. ಅದರ ಬಗ್ಗೆ ಸ್ವಲ್ಪ ಹೇಳ್ತೀರಾ?"

ಹುಡುಗಿಯ ಬಾಯಿಗೆ ಮಾತು ಬಂದಿತ್ತು. ಎರಡು ವರ್ಷಗಳಲ್ಲಿ ಮನೆಯೊಳಗೆ ಕೂಡ ಆಡದಿದ್ದ ಮಾತು. ತಂದೆಯ ಮುಂದೆಯೂ ಆಡಿರಲಿಲ್ಲ. ಅದನ್ನು ಮೊದಲ ಬಾರಿಗೆ ಈ ದೀಪದ ಮುಂದೆ ಆಡಬೇಕೇ? ಬಾಗಿಲಿನ ಸಂದಿಯಲ್ಲಿ ಹೊರಗಿನ ಸಾಲು ಕಾಣುತ್ತಿತ್ತು. ಅಲ್ಲಿ ತಂದೆಯು ಯಾರದೋ ಕೂಸನ್ನು ಎತ್ತಿಕೊಂಡು, ಇನ್ನೊಂದು ಕೈಯಿಂದ ಚೀಟಿ ನೋಡಿ ಮುಂದಿನವರನ್ನು ಕಳುಹಿಸುತ್ತಿದ್ದನು.

"ನಮ್ಮಪ್ಪ ಕಬ್ಬಿನ ಪಾಳಿ ಹೆಂಗ ನಿಲ್ತಾರ ಹೇಳ್ತೀನ್ರಿ" ಎಂದಳು.

ಹೇಳಿದಳು. ಟವೆಲ್ಲಿನ ಕಟ್ಟಳೆ, ಬುತ್ತಿಯ ಕಟ್ಟಳೆ, ಟ್ರ್ಯಾಕ್ಟರಿನ ಕೆಳಗೆ ಮಲಗುವ ರಾತ್ರಿ, ಇಂದು ಬೆಳಗಿನ ಚೀಟಿಗಳು. ತರುಣನು ಒಮ್ಮೆ ನಕ್ಕನು. ಆಮೇಲೆ ಮತ್ತೆ ತಾಯಿಯ ಮಾತಿಗೆ ಬಂದನು. ಅವಳು ತಲೆಯಾಡಿಸಿದಳು. "ಆಯ್ಕೆಯಾದರೆ ಹದಿನೈದು ದಿನದೊಳಗೆ ಫೋನ್ ಬರುತ್ತೆ" ಎಂದು ಅವನು ಕಾಗದದ ಮೇಲೆ ಏನನ್ನೋ ಗುರುತು ಮಾಡಿಕೊಂಡನು.

ಹಿಂದಿರುಗುವ ಬಸ್ಸಿನಲ್ಲಿ ಇಬ್ಬರಿಗೂ ಕಿಟಕಿಯ ಬದಿಯ ಸ್ಥಳ ಸಿಕ್ಕಿತು. ಊರು ದಾಟುವವರೆಗೆ ಯಾರೂ ಮಾತನಾಡಲಿಲ್ಲ.

"ಅವ್ವನ ಮಾತು ಹೇಳಿದೇನು?"

"ಇಲ್ಲಪ್ಪಾ."

ತಂದೆಯು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಅದರ ಮಡಿಕೆಗಳನ್ನು ಬಿಡಿಸಿ ಮತ್ತೆ ಮಡಚಿದನು. "ಛಲೋ ಆತು" ಎಂದನು. ಸ್ವಲ್ಪ ಹೊತ್ತಿನ ಮೇಲೆ, "ನಿನಗ ಹೇಳಂದ್ನೆಲ್ಲ, ಆವಾಗಿಂದ ಹೊಟ್ಯಾಗ ಕಸಿವಿಸಿ ಆಗಿತ್ತು" ಎಂದೂ ಹೇಳಿದನು.

ಆ ಮೇಲೆ ಹುಡುಗಿಯು ಮಾತನಾಡಿದಳು. ಆಸ್ಪತ್ರೆಯ ಕೊನೆಯ ರಾತ್ರಿ ತಾಯಿಯು ನೀರು ಬೇಡಿದ್ದು, ಕುಡಿಸಬಾರದೆಂದು ನರ್ಸ್ ಹೇಳಿದ್ದರಿಂದ ತಾನು ಕೊಡದೆ ಇದ್ದದ್ದು. ತಂದೆಗೆ ಇದು ತಿಳಿದಿರಲಿಲ್ಲ. ಅವನು ಕಿಟಕಿಯ ಕಡೆ ಮುಖ ಮಾಡಿ ಕೇಳಿದನು. ಗೋಕಾಕ ಬರುವವರೆಗೂ ಆ ಮಾತೇ ನಡೆಯಿತು.

ಘಟಪ್ರಭೆಯ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಅವಳಿಗೆ ತಪ್ಪಿದ ಪ್ರಶ್ನೆಯ ನೆನಪಾಯಿತು. ರಾಜಾ ಲಖಮಗೌಡ ಜಲಾಶಯವನ್ನು ಯಾವ ನದಿಗೆ ಕಟ್ಟಲಾಗಿದೆ ಎಂಬುದು ಪ್ರಶ್ನೆ. ಕೃಷ್ಣಾ, ಮಲಪ್ರಭಾ, ಘಟಪ್ರಭಾ, ದೂಧಗಂಗಾ ಎಂದು ನಾಲ್ಕು ಉತ್ತರ ಕೊಟ್ಟಿದ್ದರು. ಅವಳು ಮಲಪ್ರಭಾ ಎಂದು ಬರೆದಿದ್ದಳು.

"ಅಯ್ಯ ಹುಚ್ಚಿ!" ಎಂದು ತಂದೆಯು ಅಂದು ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕನು. "ಅದು ನಮ್ಮ ಹಿಡಕಲ್ ಡ್ಯಾಮ್ ಅಲ್ಲೇನು! ದಿನಾ ಅದs ನೀರ ಹಾಸೀವಿ. ವಂಟಮುರಿ ದೇಸಾಯರ ಹೆಸರದು. ಬೆಳಗಾವ್ಯಾಗ ಕಾಲೇಜಿಗೂ ಅದs ಹೆಸರೈತಿ."

"ನೀವು ಯಾವಾಗರ ಹೇಳಿದ್ರೇನು?"

"ನೀ ಯಾವಾಗರ ಕೇಳಿದೇನು?"

ಮನೆ ಸೇರಿದಾಗ ರಾತ್ರಿ ಹನ್ನೊಂದಾಗಿತ್ತು. ನೀರಿನ ಪಾಳಿ ಅಂದು ಒಂದು ಗಂಟೆಗಿತ್ತು. ತಂದೆಯು ಗೂಟಕ್ಕೆ ತೂಗುಹಾಕಿದ್ದ ಬ್ಯಾಟರಿಯನ್ನು ತೆಗೆದುಕೊಂಡನು. ಮಗಳು ಕಂಬಳಿ ಹೊದ್ದು, ಚಹಾದ ತಂಬಿಗೆ ಹಿಡಿದು ಹಿಂದೆ ನಡೆದಳು. ಕಾಲುವೆಯಲ್ಲಿ ನೀರಿನ್ನೂ ಬಂದಿರಲಿಲ್ಲ. ಇಬ್ಬರೂ ಒಡ್ಡಿನ ಮೇಲೆ ಕುಳಿತರು.