ಸಮುದ್ರಕ್ಕೆ ಮುಂಗಡ

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಸಮುದ್ರವಿಲ್ಲ. ಇದು ಭೂಗೋಳದ ಪಾಠವಾದ್ದರಿಂದ ಓದುಗರಿಗೆ ಹೇಳಬೇಕಾದದ್ದೇನೂ ಅಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ನಡೆದ ರಾಮಾಯಣಕ್ಕೆಲ್ಲ ಅದೇ ಮೂಲ. ರಾಮನಗರದಲ್ಲಿ ಬಂಡೆಗಳುಂಟು, ರೇಷ್ಮೆಗೂಡಿನ ಮಾರುಕಟ್ಟೆಯುಂಟು. ಚನ್ನಪಟ್ಟಣಕ್ಕೆ ಬಣ್ಣದ ಬೊಂಬೆ, ಮಾಗಡಿಗೆ ಸಾವನದುರ್ಗ, ಕನಕಪುರಕ್ಕೆ ಸಂಗಮ. ನೀರೇ ಬೇಕೆಂದರೆ ಅರ್ಕಾವತಿ ಇದ್ದಾಳೆ. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಕಟ್ಟೆಗೆ ಸಿಕ್ಕಿ, ನಮ್ಮೂರ ಪಕ್ಕದಲ್ಲಿ ಸೊರಗಿ, ಕನಕಪುರವನ್ನು ದಾಟಿ ಹೋಗಿ ಕಾವೇರಿಯನ್ನು ಸೇರುವವಳು. ಚನ್ನಪಟ್ಟಣದವರಿಗೆ ಕಣ್ವ. ಇಷ್ಟರಲ್ಲಿಯೇ ತೃಪ್ತಿಪಟ್ಟುಕೊಂಡು ಅರವತ್ತೊಂಬತ್ತು ವರ್ಷ ಕಳೆದ ನನ್ನ ಮೂಗಿನ ಮುಂದೆ, ಮೇ ತಿಂಗಳ ಒಂದು ಭಾನುವಾರ, ಮಗಳು ತನ್ನ ಫೋನನ್ನು ಹಿಡಿದಳು.

ಅದರಲ್ಲಿ ಎರಡು ತೆಂಗಿನಮರ, ಅವುಗಳ ನಡುವೆ ಒಂದು ಜೋಕಾಲಿ, ಹಿಂದೆ ಹಾಸಿದಂತೆ ನೀಲಿ ನೀರು. ಒಂದು ಅಲೆಯೂ ಇಲ್ಲ.

“ಹೊನ್ನಾವರದ ಹತ್ತಿರ, ಅಪ್ಪಾ. ರೆಸಾರ್ಟು. ಜೂನ್ ಎರಡನೆಯ ವಾರ ಅರ್ಧ ಬೆಲೆ. ಈವತ್ತೇ ಮುಂಗಡ ಕಟ್ಟಿದರೆ ಊಟವೂ ಸೇರಿ.”

“ಅರ್ಧ ಬೆಲೆ ಏಕೆ?” ಎಂದೆ.

ಇದು ನನ್ನ ಹಳೆಯ ಚಾಳಿ. ಸಂತೆಯಲ್ಲಿ ಬದನೆಕಾಯಿ ಅಗ್ಗವಾಗಿ ಸಿಕ್ಕರೂ ನಾನು ಹುಳುವನ್ನು ಹುಡುಕುವವನು. ಮಗಳು ನಕ್ಕಳು, ಅಳಿಯ ನಕ್ಕ. ಈಜು ಕಲಿಯುತ್ತಿರುವ ಒಂಬತ್ತು ವರ್ಷದ ಮೊಮ್ಮಗನಂತೂ ಸೋಫಾದ ಮೇಲೆಯೇ ಎರಡು ಸಲ ಕೈ ಬಡಿದ. ನಗದಿದ್ದವಳು ನಮ್ಮಾಕೆ ಒಬ್ಬಳೇ. ಅವಳು ಫೋನನ್ನು ತೆಗೆದುಕೊಂಡು, ಕನ್ನಡಕವನ್ನು ಸರಿಪಡಿಸಿಕೊಂಡು, ಬಹಳ ಹೊತ್ತು ನೋಡಿದಳು. ಅವಳು ಸಮುದ್ರವನ್ನು ಕಂಡವಳಲ್ಲ.

ಅಂದಿನಿಂದ ನಾನು ಒಂದು ನೋಟುಪುಸ್ತಕದಲ್ಲಿ ಪ್ರಶ್ನೆಗಳನ್ನು ಬರೆಯತೊಡಗಿದೆ. ಮೇಷ್ಟರಾಗಿದ್ದವನಿಗೆ ಪ್ರಶ್ನಪತ್ರಿಕೆ ತಯಾರಿಸುವುದು ಹೊಸದಲ್ಲ. ಉತ್ತರ ಹೇಳುವುದಕ್ಕೆ ಅಳಿಯ ಸಿದ್ಧನಾಗಿದ್ದ.

ಮೊದಲನೆಯದು ದಾರಿಯದು. ಶುಕ್ರವಾರ ಕಚೇರಿ ಮುಗಿಸಿ ರಾತ್ರಿ ಹೊರಟು, ಕಾರನ್ನು ತಾನೇ ನಡೆಸಿ, ಬೆಳಗಾಗುವಷ್ಟರಲ್ಲಿ ಕಡಲನ್ನು ಕಾಣಿಸುತ್ತೇನೆ ಎಂದು ಅವನ ಯೋಜನೆ. ಇಡೀ ದಿನ ದುಡಿದವನು ರಾತ್ರಿಯಿಡೀ ಗಾಡಿ ನಡೆಸುವುದು, ಅದೂ ಮಳೆಗಾಲದ ಘಟ್ಟದಲ್ಲಿ! 2024ರ ಜುಲೈ 16ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿದ್ದನ್ನು ನೆನಪಿಸಿದೆ. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರದ ಆಚೆಗೆ ರೈಲುದಾರಿಯೂ ಕುಸಿದು ಗಾಡಿಗಳು ನಿಂತಿದ್ದವು.

“ಮಾವ, ಬಸ್ಸು ಮುಳುಗಿದ್ದು ಸಮುದ್ರದಲ್ಲಲ್ಲ, ನಿಮ್ಮೂರ ರಸ್ತೆಯಲ್ಲಿ,” ಎಂದ ಅಳಿಯ.

ಮಾತು ನಿಜ. 2022ರ ಆಗಸ್ಟ್ ಕೊನೆಯಲ್ಲಿ ಕೆರೆಗಳು ಒಡೆದು ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ಹೊಳೆಯಾಗಿತ್ತು. ಮರುವರ್ಷದ ಮಾರ್ಚಿನಲ್ಲಿ ಹೊಸ ಹೆದ್ದಾರಿಯ ಉದ್ಘಾಟನೆ ಆಗಿ ಒಂದು ವಾರ ಕಳೆಯುವುದರೊಳಗೆ ಒಂದು ಮಳೆಗೆ ಅದರ ಮೇಲೂ ನೀರು ನಿಂತಿತು. ಆ ರಸ್ತೆಯ ಅಪಘಾತಗಳು ಮಿತಿಮೀರಿ, 2023ರ ಆಗಸ್ಟ್ ಮೊದಲ ತಾರೀಖಿನಿಂದ ದ್ವಿಚಕ್ರ ವಾಹನಗಳನ್ನೂ ಆಟೋಗಳನ್ನೂ ಅಲ್ಲಿಂದ ಹೊರಗೆ ಹಾಕಬೇಕಾಯಿತು. ಅದೇ ರಸ್ತೆಯಲ್ಲಿ ಮಗಳು ಅಳಿಯ ತಿಂಗಳಿಗೆರಡು ಸಲ ನಮ್ಮನ್ನು ನೋಡಲು ಬಂದುಹೋಗುವುದನ್ನು ನಾನು ಅಪಾಯವೆಂದು ಎಣಿಸಿದವನೇ ಅಲ್ಲ. ರೂಢಿಯಾದ ಅಪಾಯಕ್ಕೆ ನಾವು ಬೇರೆ ಹೆಸರು ಕೊಟ್ಟುಕೊಂಡಿರುತ್ತೇವೆ. ಅಳಿಯನ ಮುಂದೆ ಇದನ್ನು ಒಪ್ಪಲಿಲ್ಲ. ಕಾರು ಬೇಡ, ರೈಲು ಎಂದಷ್ಟೇ ಬರೆದುಕೊಂಡೆ. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡಿಗೂ ನಡುವೆ 57 ಸುರಂಗಗಳಿವೆ ಎಂದು ಹೇಳಿದ ಮೇಲೆ ಮೊಮ್ಮಗ ನನ್ನ ಪಕ್ಷಕ್ಕೆ ಬಂದ.

ಎರಡನೆಯದು ನಮ್ಮಾಕೆಯ ಹೃದಯ. ಮೂರು ವರ್ಷದ ಹಿಂದೆ ಅವಳಿಗೆ ಸ್ಟೆಂಟ್ ಹಾಕಿಸಿದೆವು. ಹೋಗಿಬರಬಹುದು ಎಂದು ಡಾಕ್ಟರು ಹೇಳಿದರು. ಆದರೆ ಹೊನ್ನಾವರದಿಂದ ಮಣಿಪಾಲದ ದೊಡ್ಡ ಆಸ್ಪತ್ರೆಗೆ ನೂರು ಕಿಲೋಮೀಟರಿಗೂ ಮೇಲೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ 2022ರಲ್ಲಿ ದೊಡ್ಡ ಕೂಗೆಬ್ಬಿಸಿದ್ದರು. ಇದನ್ನು ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಎಳೆದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಈ ಉತ್ತರ ಸಿಕ್ಕಾಗ ನನಗೆ ಒಳಗೊಳಗೇ ಒಂದು ಸಮಾಧಾನವಾಯಿತು. ಇನ್ನು ಹೋಗಬೇಕಾದ್ದಿಲ್ಲ.

ಆ ರಾತ್ರಿ ನಮ್ಮಾಕೆ ಹಾಸಿಗೆ ಬಿಡಿಸುತ್ತ ಕೇಳಿದಳು: “ಉಡುಪಿಯಿಂದ ಮಲ್ಪೆಗೆ ಎಷ್ಟು ದೂರ, ನೆನಪಿದೆಯೇ ನಿಮಗೆ?”

ನೆನಪಿತ್ತು. 1984ರಲ್ಲಿ ನಾವಿಬ್ಬರೂ ಉಡುಪಿಗೆ ಹೋಗಿದ್ದೆವು, ಮದುವೆಯಾದ ಹೊಸತು. ಕೃಷ್ಣನ ದರ್ಶನವಾಯಿತು, ರಥಬೀದಿಯನ್ನು ಎರಡು ಸಲ ಸುತ್ತಿದ್ದಾಯಿತು. ಅಲ್ಲಿಂದ ಮಲ್ಪೆಯ ಕಡಲು ಆರು ಕಿಲೋಮೀಟರು. ನೋಡಿಕೊಂಡು ಹೋಗೋಣವೆಂದು ಅವಳು ಎಂದಾಗ, ಬಸ್ಸು ತಪ್ಪುತ್ತದೆ ಎಂದು ಹೇಳಿ ನಾನು ಅವಳನ್ನು ನಿಲ್ದಾಣಕ್ಕೆ ಕರೆದುಕೊಂಡು ಬಂದೆ. ಬಸ್ಸು ಬಂದದ್ದು ಮೂರು ಗಂಟೆಯ ಮೇಲೆ. ಅಷ್ಟು ಹೊತ್ತು ಅವಳು ಟ್ರಂಕಿನ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಒಂದು ಮಾತನ್ನೂ ಆಡಲಿಲ್ಲ. ನಲವತ್ತು ವರ್ಷದಲ್ಲಿ ಈ ವಿಷಯವನ್ನು ಅವಳು ಎತ್ತಿದ್ದು ಅದೇ ಮೊದಲು.

ನಾನೂ ಅವಳಿಗೆ ಹೇಳದಿದ್ದ ಒಂದು ವಿಷಯವಿತ್ತು. ಅದನ್ನು ಹೇಳಿದೆ.

1974, ನಮ್ಮೂರ ಬಂಡೆಗಳ ನಡುವೆ ‘ಶೋಲೆ’ ಚಿತ್ರೀಕರಣ ನಡೆಯುತ್ತಿದ್ದ ಕಾಲ. ಅಜ್ಜಿಯ ಅಸ್ಥಿ ಬಿಡಲು ಮನೆಮಂದಿಯೆಲ್ಲ ಸಂಗಮಕ್ಕೆ ಹೋಗಿದ್ದೆವು. ಹಿರಿಯರು ದಡದಲ್ಲಿ ಪುರೋಹಿತರೊಂದಿಗೆ ಇದ್ದರು. ನಾನೂ ಚಿಕ್ಕಪ್ಪನ ಮಗನೂ ಬಂಡೆಗಳ ಮೇಲೆ ಹಾರುತ್ತ ಸ್ವಲ್ಪ ಕೆಳಗೆ ಹೋದೆವು. ನೀರು ಎಷ್ಟು ಮೆತ್ತಗಿತ್ತೆಂದರೆ ಮೇಲೆ ಬಿದ್ದ ಎಲೆ ಅಲುಗುತ್ತಿರಲಿಲ್ಲ. ಅವನು ಇಳಿದ; ಮೊಣಕಾಲು, ಸೊಂಟ, ಮುಂದಿನ ಹೆಜ್ಜೆಗೆ ಇಲ್ಲ. ಬಂಡೆಯ ನಡುವೆ ಗುಂಡಿ. ಒಂದು ಕೈ ಮೇಲೆ ಬಂದದ್ದನ್ನು ಕಂಡೆ. ನನಗೆ ಆಗ ಹದಿನೆಂಟು, ಕೆರೆಯಲ್ಲಿ ಈಜು ಕಲಿತವನು. ನಾನು ಧುಮುಕಲಿಲ್ಲ. ಕೂಗಲೂ ಇಲ್ಲ. ಬಂಡೆಯ ಮೇಲೆ ನಿಂತೇ ಇದ್ದೆ. ಹರಿಗೋಲಿನವನೊಬ್ಬ ಎಲ್ಲಿಂದಲೋ ಕಂಡು, ಹುಟ್ಟನ್ನು ನೀಡಿ, ಅವನನ್ನು ಎಳೆದುಕೊಂಡ. ತಮ್ಮ ಬದುಕಿದ, ಈಗ ಮಾಗಡಿಯಲ್ಲಿ ಮೊಮ್ಮಕ್ಕಳೊಂದಿಗೆ ಸುಖವಾಗಿದ್ದಾನೆ. ನಾನು ನಿಂತಿದ್ದನ್ನು ಅವನು ಎಂದೂ ಕೇಳಿಲ್ಲ. ಅಂದಿನಿಂದ ನಾನು ನೀರಿಗೆ ಇಳಿದವನಲ್ಲ, ನನ್ನವರನ್ನು ಇಳಿಸಿದವನೂ ಅಲ್ಲ.

ನಮ್ಮಾಕೆ ಕೇಳಿಸಿಕೊಂಡು, “ನೀವು ಧುಮುಕಿದ್ದರೆ ಇಬ್ಬರೂ ಹೋಗುತ್ತಿದ್ದಿರಿ,” ಎಂದು ದೀಪ ಆರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಕತ್ತಲಿನಲ್ಲಿಯೇ, “ನಾನು ಕಾಲು ತೋಯಿಸಿಕೊಂಡರೆ ಸಾಕು,” ಎಂದಳು.

ಮರುದಿನ ಹಳೆಯ ಪ್ರಶ್ನೆಗಳನ್ನು ಹೊಡೆದುಹಾಕಿ ಮತ್ತೆ ಬರೆದೆ. ಇದುವರೆಗೆ ಹೋಗದಿರುವುದಕ್ಕೆ ಕಾರಣ ಹುಡುಕುತ್ತಿದ್ದವನು, ಈಗ ಹೋದರೆ ಹೇಗೆ ಎಂದು ಕೇಳತೊಡಗಿದೆ. ಪ್ರಶ್ನೆಗಳು ಹೆಚ್ಚು ಬದಲಾಗಲಿಲ್ಲ, ಅನುಕ್ರಮ ಬದಲಾಯಿತು. ನೀರನ್ನು ಕಾಯುವವರು ಯಾರು ಎಂಬುದು ಮೊದಲಿಗೆ ಬಂತು.

2024 ಒಂದೇ ವರ್ಷದ ಲೆಕ್ಕ ನೋಡಿ. ಏಪ್ರಿಲಿನಲ್ಲಿ ನಮ್ಮ ಸಂಗಮದ ಬಳಿ ಬೆಂಗಳೂರಿನ ಐವರು ವಿದ್ಯಾರ್ಥಿಗಳು ಮುಳುಗಿದರು. ನವೆಂಬರಿನಲ್ಲಿ ಉಳ್ಳಾಲದ ಹತ್ತಿರ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ತರುಣಿಯರು. ಕಡಲು ಪಕ್ಕದಲ್ಲೇ ಇತ್ತು, ಸಾವು ಬಂದದ್ದು ಕೊಳದಲ್ಲಿ. ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಮುಳಬಾಗಿಲಿನಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು. ಈ ಎಲ್ಲರೂ ಆ ನೀರಿಗೆ ಹೊಸಬರು.

ಕಡಲ ಸೆಳೆತದ ವಿಚಾರವನ್ನೂ ಓದಿಕೊಂಡೆ. ಅಲೆ ತಂದು ಸುರಿದ ನೀರು ಹಿಂದಿರುಗಬೇಕಷ್ಟೆ? ಅದು ಕೆಲವೆಡೆ ಕಿರಿದಾದ ಓಣಿಯೊಂದನ್ನು ಮಾಡಿಕೊಂಡು ರಭಸದಿಂದ ಹೊರಗೆ ಹರಿಯುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಮೆ. ದಡದಲ್ಲಿ ನಿಂತವನಿಗೆ ಇಡೀ ತೀರದಲ್ಲಿ ಅದೇ ಪ್ರಶಾಂತವಾದ ಜಾಗವೆಂದು ತೋರುತ್ತದೆ. ಸಿಕ್ಕಿಬಿದ್ದವನು ನೇರವಾಗಿ ದಡಕ್ಕೆ ಈಜಲು ಹೋಗಿ ಬಳಲುತ್ತಾನೆ. ದಡದ ಉದ್ದಕ್ಕೆ ಪಕ್ಕಕ್ಕೆ ಈಜಿದರೆ ಓಣಿಯಿಂದ ಹೊರಬೀಳಬಹುದು. ಇದನ್ನು ಓದಿದಾಗ ಸಂಗಮದ ಅಲುಗದ ಎಲೆ ಕಣ್ಣ ಮುಂದೆ ಬಂತು.

ಆಮೇಲೆ ಫೋನು ಹಚ್ಚಿದೆ. ಅರ್ಧ ಬೆಲೆಯವರು ಮೊದಲು ಸಿಕ್ಕರು. ಜೀವರಕ್ಷಕರು ಇದ್ದಾರೆಯೇ ಎಂದು ಕೇಳಿದ್ದಕ್ಕೆ, “ಸಮುದ್ರ ನಮ್ಮದಲ್ಲ ಸಾರ್, ಸರ್ಕಾರದ್ದು,” ಎಂದರು. ಕೊಳದ ಆಳವೆಷ್ಟು? “ಎಲ್ಲರೂ ಇಳಿಯುತ್ತಾರೆ ಸಾರ್.” ಮುಂಗಡವನ್ನು ಯಾರದೋ ಸ್ವಂತ ಮೊಬೈಲ್ ನಂಬರಿಗೆ ಹಾಕಬೇಕಂತೆ, ರಸೀದಿ ಬಂದಮೇಲೆ ಕೊಡುತ್ತಾರಂತೆ. ನಮಸ್ಕಾರ ಹೇಳಿ ಇಟ್ಟೆ.

ಇನ್ನೊಂದು ಕಡೆ ಫೋನೆತ್ತಿದವರು ವಯಸ್ಸಾದವರಂತೆ ಕಂಡಿತು. ಜೂನ್ ಎಂದು ನನ್ನ ಬಾಯಿಂದ ಬರುತ್ತಲೇ, “ಬರಬೇಡಿ,” ಎಂದರು. “ಜೂನು ಜುಲೈ ನಮ್ಮ ಮೀನುಗಾರರ ಯಂತ್ರದ ದೋಣಿಯೇ ಕಡಲಿಗೆ ಇಳಿಯುವುದಿಲ್ಲ. ನೀವು ಬಂದು ಏನು ಮಾಡುತ್ತೀರಿ, ಕೋಣೆಯಲ್ಲಿ ಕೂತು ಮಳೆ ನೋಡುವುದೇ?” ಆ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧವಿರುವುದು ಮೀನಿನ ಸಂತತಿಯ ರಕ್ಷಣೆಗೆ, ಕಡಲು ಕೆರಳುವ ಕಾಲವೂ ಅದೇ. ಅರ್ಧ ಬೆಲೆಯ ಹುಳು ಇದಾಗಿತ್ತು. ಬರಬೇಡಿ ಎಂದು ಹೇಳುವ ವ್ಯಾಪಾರಿಯನ್ನು ನಾನು ಬದುಕಿನಲ್ಲಿ ಕಂಡದ್ದು ಬಹಳ ಕಡಮೆ. ಉಳಿದ ಪ್ರಶ್ನೆಗಳನ್ನು ಅವರಿಗೇ ಕೇಳಿದೆ. ಕೊಳದ ಆಳ ಇಷ್ಟು ಅಡಿ ಎಂದರು. ಮಕ್ಕಳನ್ನು ಒಂಟಿಯಾಗಿ ಬಿಡುವಂತಿಲ್ಲ ಎಂದರು. ಕಡಲಿಗೆ ಇಳಿಯುವುದಾದರೆ ಕಾಸರಕೋಡಿಗೆ ಹೋಗಿ ಎಂದರು. 2020ರಲ್ಲಿ ಪಡುಬಿದ್ರಿಯ ಜೊತೆಗೆ ‘ಬ್ಲೂ ಫ್ಲ್ಯಾಗ್’ ಮನ್ನಣೆ ಪಡೆದ ತೀರ ಅದು. ಆ ಮನ್ನಣೆಗೆ ಜೀವರಕ್ಷಕರು ಇರಬೇಕಾದ್ದು ಒಂದು ಷರತ್ತು. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರು, ಬರೀ ಕೆಂಪು ಕಂಡರೆ ಮರಳು. ಹತ್ತಿರದ ಆಸ್ಪತ್ರೆ, ರಾತ್ರಿ ಗಾಡಿ ಸಿಗುವುದೋ ಇಲ್ಲವೋ, ಎಲ್ಲಕ್ಕೂ ಉತ್ತರ ಸಿಕ್ಕಿತು. ಆಸ್ಪತ್ರೆಯ ದೂರ ಮಾತ್ರ ಕಡಮೆಯಾಗಲಿಲ್ಲ. ಅದನ್ನು ನಮ್ಮಾಕೆಗೆ ಹಾಗೆಯೇ ಹೇಳಿದೆ. ಇಲ್ಲಿಯೂ ಬೆಂಗಳೂರು ಮುಟ್ಟುವಷ್ಟರಲ್ಲಿ ಏನಾದರೂ ಆಗಬಹುದು ಎಂದಳು.

ಡಿಸೆಂಬರಿನಲ್ಲಿ ಮೂರು ರಾತ್ರಿಗೆ, ಪೂರ್ತಿ ಬೆಲೆಗೆ, ಮಗಳು ಮುಂಗಡ ಕಟ್ಟಿದಳು. ರಸೀದಿ ಫೋನಿಗೆ ಬಂದೊಡನೆ ನಮ್ಮಾಕೆ ಅದನ್ನು ನನ್ನಿಂದ ಎರಡು ಸಲ ಓದಿಸಿದಳು.

“ಬೇಡವೆಂದರೆ ದುಡ್ಡು ವಾಪಸು ಬರುತ್ತದೆಯೇ?”

“ನವೆಂಬರ್ ಕೊನೆಯವರೆಗೆ ಬರುತ್ತದೆ. ಆಮೇಲೆ ಒಂದು ಪೈಸೆಯೂ ಬರುವುದಿಲ್ಲ.”

ಅವಳು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಹಾಳೆಗಳನ್ನು ಮಗುಚಿ, ನವೆಂಬರಿನ ಕೊನೆಯ ತಾರೀಖಿಗೆ ಕುಂಕುಮದ ಬೊಟ್ಟಿಟ್ಟಳು.